ಬೆನ್ನಿಗೆ ಮಣ್ಣು ಹತ್ತಿತೇ? ಮಹಾರಾಷ್ಟ್ರ ಕೇಸರಿ ಕುಸ್ತಿಯ ಕಥೆ

ಪುಣೆ ಶಹರದ ಪೂರ್ವಕ್ಕೆ, ಹಡಪಸರಕ್ಕೆ ತಾಗಿಕೊಂಡು, ಮಗರಪಟ್ಟಾ ಎಂಬ ನಗರಿಯಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಯ ಕಚೇರಿಗಳಲ್ಲಿ ಲೆಕ್ಕ ಬರೆಯುವ ಕನ್ನಡ ಗುಮಾಸ್ತರೂ, ಅವರಿಗೆ ಮುಂಜಾನೆಯ ಇಡ್ಲಿ ಬಡಿಸುವ ಕನ್ನಡ ಮಾಣಿಗಳೂ ನಮ್ಮ ಪತ್ರಿಕೆಯ ನಿತ್ಯದ ಬಂಧುಗಳು. ಈಗ ಗಾಜಿನ ಗೋಡೆಗಳ ಸೌಧಗಳು ನಿಂತಿರುವ ಆ ನೆಲ 2000ನೆಯ ಇಸವಿಯವರೆಗೂ ಹೊಲಗದ್ದೆಯಾಗಿತ್ತು. ಮಗರ ಮನೆತನದ ನೂರಕ್ಕೂ ಮಿಕ್ಕಿದ ಒಕ್ಕಲು ಕುಟುಂಬಗಳು ಸುಮಾರು 400 ಎಕರೆ ಭೂಮಿಯನ್ನು ಹೊರಗಿನವರಿಗೆ ಮಾರಿಕೊಳ್ಳದೆ, ಒಂದಾಗಿ ಸೇರಿಸಿ, ತಾವೇ ಪಾಲುದಾರರಾಗಿ ನಗರವನ್ನು ಕಟ್ಟಿದರು. ನೇಗಿಲು ಹೋಯಿತು; ಗಣಕಯಂತ್ರ ಬಂದಿತು. ಆದರೆ ಒಂದು ಸಂಗತಿ ಮಾತ್ರ ಹೋಗಲಿಲ್ಲ. ಪ್ರತಿವರ್ಷ ಮಹಾರಾಷ್ಟ್ರ ಕೇಸರಿ ಕುಸ್ತಿಯ ದಿನಗಳು ಸಮೀಪಿಸಿದವೆಂದರೆ, ಅಲ್ಲಿಯ ಕಾವಲುಗಾರನಿಂದ ಹಿಡಿದು ಮೋಟಾರಿನಲ್ಲಿ ಬರುವ ಸಾಹುಕಾರನವರೆಗೆ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ‘ಈ ಸಲ ಗದೆ ಯಾರಿಗೆ?’

ಈ ಪ್ರಶ್ನೆಯನ್ನು ನಾವು ಇಪ್ಪತ್ತೈದು ವರ್ಷಗಳಿಂದ ಗಲ್ಲೆಯ ಮೇಲೆ ಕುಳಿತು ಕೇಳುತ್ತ ಬಂದವರು. 1998ರಲ್ಲಿ ಎಸ್.ಎಸ್.ಎಲ್.ಸಿ.ಯ ಕಾಗದವೊಂದನ್ನು ಹಿಡಿದುಕೊಂಡು ಊರು ಬಿಟ್ಟು ಬಂದು, ಲೋಟ ತೊಳೆದು, ಬಡಿಸಿ, ಕಡೆಗೊಮ್ಮೆ ಮಗರಪಟ್ಟಾದ ಹೆಬ್ಬಾಗಿಲ ಸಮೀಪ ಚಿಕ್ಕದೊಂದು ಹೋಟೆಲನ್ನು ನಡೆಸಿದೆವು. ಕುಸ್ತಿಯ ವಿದ್ಯೆ ನಮಗೆ ತಿಳಿಯದು. ಆದರೂ ಇದನ್ನು ಬರೆಯಲು ಕಾರಣವುಂಟು. ಅದನ್ನು ಲೇಖನದ ಕೊನೆಗೆ ನಿವೇದಿಸುವೆವು. ಮೊದಲು ಈ ಗದೆಯ ಕಥೆ.

ಕನ್ನಡ ನಾಡಿನ ಮಲ್ಲರು

ಮಲ್ಲವಿದ್ಯೆಯು ಕನ್ನಡಿಗರಿಗೆ ಹೊರಗಿನಿಂದ ಬಂದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವುಂಟು. ಮಲ್ಲರನ್ನು ವಯಸ್ಸು, ಬಲಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮವನ್ನೂ, ಅವರ ಸಾಧನೆಯನ್ನೂ, ರಾಜನು ಅವರಿಗೆ ಒದಗಿಸಬೇಕಾದ ಆಹಾರವನ್ನೂ ಅಲ್ಲಿ ಹೇಳಿದೆ. ಮಲ್ಲನಿಗೆ ಉಣಿಸುವುದು ಅರಸನ ಕರ್ತವ್ಯವೆಂದು ಆ ಕಾಲದಲ್ಲಿಯೇ ತಿಳಿದಿದ್ದರೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಮೈಸೂರಿನ ದಸರೆಯಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಯಾರು ಕೇಳಿಲ್ಲ? ಎದುರಾಳಿಯ ತಲೆಯಲ್ಲಿ ರಕ್ತದ ಒಂದು ಹನಿ ಕಂಡೊಡನೆ ಆ ಕಾಳಗ ಮುಗಿಯುತ್ತದೆ. ಅದು ವಿಧಿ, ಸ್ಪರ್ಧೆಯು ಬೇರೆ. ದಸರೆಯ ಕುಸ್ತಿಯಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಎಂಬ ಬಿರುದುಗಳಿಗಾಗಿ ನಾಡಿನ ಗರಡಿಗಳಿಂದ ಪೈಲ್ವಾನರು ಇಂದಿಗೂ ಬಂದು ಸೆಣಸುತ್ತಾರೆ. ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದುಂಟು. ಇತ್ತ ಉತ್ತರದಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರು ಮತ್ತು ಕುಸ್ತಿ. ಎರಡರಲ್ಲಿ ಒಂದಿಲ್ಲದಿದ್ದರೆ ಅದು ಜಾತ್ರೆಯೇ ಅಲ್ಲ.

ಆದರೆ ಈ ಉತ್ತರದ ಪೈಲ್ವಾನನ ಕಣ್ಣು ಮೈಸೂರಿನ ಕಡೆಗಿರಲಿಲ್ಲ. ಅದು ಕೊಲ್ಹಾಪುರದ ಕಡೆಗಿತ್ತು.

ಕೊಲ್ಹಾಪುರದ ಕೆಂಪು ಮಣ್ಣು

ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು 1902ರಲ್ಲಿ ವಿಲಾಯತಿಗೆ ಹೋಗಿದ್ದಾಗ ರೋಮ್ ನಗರದ ಪುರಾತನ ವರ್ತುಲಾಕಾರದ ಕ್ರೀಡಾಂಗಣವನ್ನು ಕಂಡರು. ಅದರಿಂದ ಸ್ಫೂರ್ತಿಗೊಂಡು ತಮ್ಮ ರಾಜಧಾನಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಪೂರ್ಣವಾಯಿತು. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ಮೆಟ್ಟಿಲುಗಳು. ಎಲ್ಲಿ ಕುಳಿತರೂ ಕಣ ಕಾಣುತ್ತದೆ. ಪಂಜಾಬಿನ ಖ್ಯಾತ ಮಲ್ಲರು ಅಲ್ಲಿಗೆ ಬಂದರು. ಮಹಾರಾಜರು ತಾಲೀಮುಗಳನ್ನು ಕಟ್ಟಿಸಿದರು, ಪೈಲ್ವಾನರಿಗೆ ಹಾಲು ತುಪ್ಪದ ಏರ್ಪಾಡು ಮಾಡಿದರು. ನಾವು ಗರಡಿ ಎನ್ನುವುದನ್ನು ಆ ಕಡೆ ತಾಲೀಮು ಎನ್ನುವರು. ಗುರುವನ್ನು ವಸ್ತಾದ ಎನ್ನುವರು. ಪೈಲ್ವಾನನ ಆಹಾರಕ್ಕೆ ಖುರಾಕು ಎಂದು ಹೆಸರು.

ತಾಲೀಮಿನ ದಿನಚರಿಯನ್ನು ಕೇಳಿದರೆ ಹೋಟೆಲಿನವರಾದ ನಮಗೆ ಅಪರಿಚಿತವೆನಿಸದು. ಕೋಳಿ ಕೂಗುವ ಮೊದಲೇ ಏಳಬೇಕು. ಕಣದ ಮಣ್ಣನ್ನು ಗುದ್ದಲಿಯಿಂದ ಅಗೆದು ಹದಗೊಳಿಸಬೇಕು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣಿನ ರಸ ಬೆರೆತಿರುತ್ತವೆ. ಆಮೇಲೆ ದಂಡ, ಬೈಠಕ್ಕು, ಹಗ್ಗ ಏರುವುದು, ಜೋಡಿಯೊಡನೆ ಪಟ್ಟುಗಳ ಅಭ್ಯಾಸ. ಹಿರಿಯರ ಮೈ ತಿಕ್ಕುವುದು ಕಿರಿಯರ ಕೆಲಸ. ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವುದು. ಊರು ಬಿಟ್ಟು ಬಂದ ಹುಡುಗರು, ದೇಹವೇ ಬಂಡವಾಳ, ವಸ್ತಾದನ ಮಾತೇ ಕಾಯಿದೆ. ಮುಂಬಯಿ ಪುಣೆಗಳ ಹೋಟೆಲುಗಳ ಅಟ್ಟದ ಮೇಲೆ ಮಲಗಿ ಬೆಳೆದ ನಮ್ಮ ಜನಕ್ಕೂ ಇವರಿಗೂ ಹೆಚ್ಚಿನ ಅಂತರವಿಲ್ಲ.

ಇಂತಹ ಮಣ್ಣಿನಿಂದಲೇ ಕರಾಡ ಸಮೀಪದ ಗೋಳೇಶ್ವರದ ಖಾಶಾಬಾ ಜಾಧವರು ಬಂದರು. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕ ಪಡೆದು, ಸ್ವತಂತ್ರ ಭಾರತಕ್ಕೆ ವ್ಯಕ್ತಿಗತ ಸ್ಪರ್ಧೆಯ ಮೊದಲ ಪದಕವನ್ನು ತಂದವರು ಅವರೇ. ಅವರ ಪ್ರಯಾಣದ ಖರ್ಚಿಗಾಗಿ ಕೊಲ್ಹಾಪುರದ ಅವರ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟ ಕಥೆ ಆ ಪ್ರಾಂತದಲ್ಲಿ ಮನೆಮಾತು. ಸಂಸ್ಥಾನ ಹೋಗಿತ್ತು, ಖುರಾಕು ಕೊಡುವ ಅರಸನೂ ಇರಲಿಲ್ಲ. ಇನ್ನು ಮುಂದೆ ಪೈಲ್ವಾನನನ್ನು ಸಾಕುವವರು ಯಾರು?

ಗದೆ ಹುಟ್ಟಿದ ಬಗೆ

ಈ ಪ್ರಶ್ನೆಗೆ ಉತ್ತರವಾಗಿ ಪುಣೆಯಲ್ಲಿ ಮಾಮಾಸಾಹೇಬ ಮೊಹೋಳರು ಮೊದಲಾದ ಹಿರಿಯರು ಕುಸ್ತಿಗಾರರ ಪರಿಷತ್ತೊಂದನ್ನು ಕಟ್ಟಿದರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವು ಉದಯಿಸಿತು. ಮರುವರ್ಷವೇ, ಎಂದರೆ 1961ರಲ್ಲಿ, ಅಂದು ಔರಂಗಾಬಾದ ಎಂದು ಕರೆಯಲಾಗುತ್ತಿದ್ದ ನಗರದಲ್ಲಿ ಪ್ರಥಮ ಮಹಾರಾಷ್ಟ್ರ ಕೇಸರಿ ಸ್ಪರ್ಧೆ ನಡೆಯಿತು. ಗೆದ್ದವರು ದಿನಕರ ದಹ್ಯಾರಿ. ಮುಂದಿನ ವರ್ಷ ಧುಳೆಯಲ್ಲಿ ಭಗವಾನ ಮೋರೆ. 1964 ಮತ್ತು 1965ರಲ್ಲಿ ಗಣಪತರಾವ ಖೇಡಕರ. ಹೀಗೆ ಪ್ರತಿವರ್ಷ ಬೇರೆ ಬೇರೆ ಊರಿನಲ್ಲಿ ಕಣ ಹೂಡುವ ಪದ್ಧತಿ ಬೆಳೆಯಿತು. ಗೆದ್ದವನಿಗೆ ಕೊಡುವ ಬೆಳ್ಳಿಯ ಗದೆಯು ಮಾಮಾಸಾಹೇಬರ ಸ್ಮರಣಾರ್ಥವಾಗಿ ಮೊಹೋಳ ಮನೆತನದಿಂದ ಬರುವ ವಾಡಿಕೆಯಾಯಿತು.

ಇನ್ನು 1967ರ ಪಟ್ಟಿಯನ್ನು ನೋಡಿರಿ. ಆ ವರ್ಷ ಖಾಮಗಾಂವದಲ್ಲಿಯೂ, ಮರುವರ್ಷ ಅಲಿಬಾಗದಲ್ಲಿಯೂ ಕೇಸರಿಯಾದವರ ಹೆಸರು ಚಂಬಾ ಮುತ್ನಾಳ. ಮುತ್ನಾಳವೆಂಬುದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಯ ಹೆಸರು. ಮಹಾರಾಷ್ಟ್ರದ ಕೇಸರಿ ಪಟ್ಟವನ್ನು ಕನ್ನಡ ಹಳ್ಳಿಯ ಹೆಸರು ಹೊತ್ತವರೊಬ್ಬರು ಎರಡು ವರ್ಷ ಎಡೆಬಿಡದೆ ಹೊತ್ತರೆಂಬುದು ಇಲ್ಲಿಯ ಕನ್ನಡಿಗರಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ ನಾವರಿಯೆವು.

ಇದಕ್ಕೂ ಹಿಂದಿನ ಸಂಗತಿ ಇನ್ನೂ ದೊಡ್ಡದು. ಚಿಕ್ಕೋಡಿ ತಾಲೂಕಿನ ಎಕ್ಸಂಬಾ ಗ್ರಾಮದ ಶ್ರೀಪತಿ ಖಂಚನಾಳೆಯವರು ತರುಣರಾಗಿದ್ದಾಗಲೇ ಕೊಲ್ಹಾಪುರವನ್ನು ಸೇರಿದರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಸೋಲಿಸಿ ಹಿಂದ್ ಕೇಸರಿ ಎನಿಸಿದರು. ಎಕ್ಸಂಬಾ 1956ರ ಅಕ್ಟೋಬರ್ ಕೊನೆಯವರೆಗೆ ಮುಂಬಯಿ ರಾಜ್ಯದಲ್ಲಿತ್ತು. ನವೆಂಬರ್ 1ರಿಂದ ಮೈಸೂರು ರಾಜ್ಯದ್ದಾಯಿತು. ಎರಡು ಭಾಷೆಗಳು ಒಂದೇ ಬಾವಿಯ ನೀರು ಕುಡಿಯುವ ಸೀಮೆ ಅದು. ಭೂಪಟದ ಗೆರೆ ಸರಿದ ಮಾತ್ರಕ್ಕೆ ಪೈಲ್ವಾನನ ಹಾದಿ ಸರಿಯಲಿಲ್ಲ. ಅವರು ಕೊಲ್ಹಾಪುರದಲ್ಲಿಯೇ ಉಳಿದು, ತರುಣರನ್ನು ತರಬೇತುಗೊಳಿಸಿ, 2020ರ ಡಿಸೆಂಬರಿನಲ್ಲಿ 86ನೆಯ ವಯಸ್ಸಿನಲ್ಲಿ ದಿವಂಗತರಾದರು. ಅವರನ್ನು ಕರ್ನಾಟಕದವರೆನ್ನಬೇಕೋ ಮಹಾರಾಷ್ಟ್ರದವರೆನ್ನಬೇಕೋ ಎಂದು ಜಗಳವಾಡುವವರು ಆಡಲಿ. ಹುಟ್ಟಿದ ಊರಿನ ಅನ್ನವನ್ನೂ ಬೆಳೆದ ಊರಿನ ಮಣ್ಣನ್ನೂ ಮೈಯಲ್ಲಿ ಹೊತ್ತವನು ಎರಡಕ್ಕೂ ಸಲ್ಲುವನೆಂದು ಪರಸ್ಥಳದಲ್ಲಿ ಬಾಳುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

1970 ಮತ್ತು 1971ರಲ್ಲಿ ಕೊಲ್ಹಾಪುರದ ದಾದೂ ಚೌಗುಲೆಯವರು ಕೇಸರಿಯಾದರು. 1974ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಅವರು ಬೆಳ್ಳಿಯ ಪದಕವನ್ನೂ ಗಳಿಸಿದರು. ಅವರ ಮಗ ವಿನೋದ ಚೌಗುಲೆಯವರೂ ಮುಂದೆ ಅದೇ ಗದೆಯನ್ನು ಹೊತ್ತರು. ಮುಂದಿನ ತಲೆಮಾರಿನಲ್ಲಿ ನರಸಿಂಗ ಯಾದವರು 2011ರಿಂದ 2013ರವರೆಗೂ, ವಿಜಯ ಚೌಧರಿಯವರು 2014ರಿಂದ 2016ರವರೆಗೂ ಸತತ ಮೂರು ಮೂರು ಸಲ ಗೆದ್ದರು. 2023ರ ಮಾರ್ಚಿನಲ್ಲಿ ಸಾಂಗಲಿಯಲ್ಲಿ ಮಹಿಳೆಯರಿಗೂ ಕಣ ತೆರೆಯಿತು. ಸಾಂಗಲಿಯವರೇ ಆದ ಪ್ರತೀಕ್ಷಾ ಬಾಗಡಿಯವರು ಪ್ರಥಮ ಮಹಿಳಾ ಮಹಾರಾಷ್ಟ್ರ ಕೇಸರಿಯಾದರು.

ಮಣ್ಣು ಮತ್ತು ಗಾದಿ

ಹಳೆಯ ಮಣ್ಣಿನ ಕುಸ್ತಿಯ ಕಾಯಿದೆ ಒಂದೇ ಮಾತಿನದು: ಯಾರ ಬೆನ್ನಿಗೆ ಮಣ್ಣು ಹತ್ತಿತೋ ಅವನು ಸೋತ. ಗಂಟೆಯ ಲೆಕ್ಕವಿಲ್ಲ, ಅಂಕಗಳ ಗೋಜಿಲ್ಲ. ಚಿತ್ ಆಗುವವರೆಗೆ ಹೋರಾಟ. ಆಗದಿದ್ದರೆ ಸಮಬಲವೆಂದು ಬಿಡಿಸುವುದು. ಬೆನ್ನ ಮೇಲಿನ ಕೆಂಪು ಮಣ್ಣನ್ನು ಹತ್ತು ಸಾವಿರ ಜನ ಕಣ್ಣಾರೆ ಕಾಣುವಾಗ ತೀರ್ಪುಗಾರನಿಗೆ ಕೆಲಸವೇ ಕಡಿಮೆ.

ಜಗತ್ತಿನ ಕೂಟಗಳಲ್ಲಿ ಮಾತ್ರ ಗಾದಿಯ ಮೇಲಿನ ಕುಸ್ತಿ. ಮೂರು ಮೂರು ನಿಮಿಷಗಳ ಎರಡು ಸುತ್ತು; ಕೆಡವಿದರೆ ಇಷ್ಟು ಅಂಕ, ಹೊರಗೆ ತಳ್ಳಿದರೆ ಇಷ್ಟು ಅಂಕ. ಒಲಿಂಪಿಕ್ ಪದಕ ಬೇಕಾದವನು ಅದನ್ನು ಕಲಿಯಲೇಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ದಿಲ್ಲಿಯಲ್ಲಿ ಜರುಗಿದ ಏಷ್ಯಾ ಕೂಟದಲ್ಲಿ 55 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಗೆದ್ದುದು ಗಾದಿಯ ಮೇಲೆಯೇ. ಮಹಾರಾಷ್ಟ್ರ ಕೇಸರಿಯವರು ಎರಡನ್ನೂ ಬಿಡಲಾರದೆ ಒಂದು ರಾಜಿಯನ್ನು ಮಾಡಿಕೊಂಡಿದ್ದಾರೆ. ಮಣ್ಣಿನ ವಿಭಾಗವೊಂದು, ಗಾದಿಯ ವಿಭಾಗವೊಂದು; ಎರಡರಲ್ಲಿಯೂ ಗೆದ್ದುಬಂದ ಇಬ್ಬರು ಕೊನೆಯಲ್ಲಿ ಗಾದಿಯ ಮೇಲೆ ಗದೆಗಾಗಿ ಸೆಣಸಬೇಕು.

ವೃತ್ತಿಪರ ಕುಸ್ತಿಯೆಂದೊಡನೆ ಇಂದಿನ ತರುಣರಿಗೆ ನೆನಪಾಗುವುದು ದೂರದರ್ಶನದಲ್ಲಿ ಕಾಣುವ ಹಗ್ಗದ ಕಟ್ಟಿನೊಳಗಿನ ಕಾದಾಟ. ಅದೂ ಪುಣೆಗೆ ಬಂದಿತ್ತು. 2011ರ ಡಿಸೆಂಬರಿನಲ್ಲಿ ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ‘ರಿಂಗ್ ಕಾ ಕಿಂಗ್’ ಎಂಬ ಹೆಸರಿನಲ್ಲಿ, ಅಮೆರಿಕದ ಕಂಪನಿಯೊಂದರ ನೆರವಿನಿಂದ ಅದನ್ನು ಚಿತ್ರೀಕರಿಸಿದರು; 2012ರ ಜನವರಿಯಿಂದ ಏಪ್ರಿಲ್‌ವರೆಗೆ ಪ್ರಸಾರವೂ ಆಯಿತು. ದೀಪಗಳ ಝಗಝಗ, ಬಣ್ಣದ ಉಡುಪು, ವಿದೇಶದ ದೈತ್ಯರು. ಆದರೆ ಮರುವರ್ಷ ಅದು ಮತ್ತೆ ಬರಲಿಲ್ಲ. ಗೆಲುವು ಸೋಲುಗಳನ್ನು ಮೊದಲೇ ನಿಶ್ಚಯಿಸಿಕೊಂಡು ಆಡುವ ಆಟದಲ್ಲಿ ಚಾತುರ್ಯವಿಲ್ಲವೆಂದು ನಾವು ಹೇಳೆವು. ನಾಟಕಕ್ಕೂ ಕಲೆ ಬೇಕು. ಆದರೆ ಹಳ್ಳಿಯ ರೈತ ತನ್ನ ಎಮ್ಮೆಯ ಹಾಲನ್ನು ಮಾರದೆ ಮಗನಿಗೆ ಕುಡಿಸುವುದು ನಾಟಕಕ್ಕಾಗಿ ಅಲ್ಲ.

ತೀರ್ಪಿನ ತಕರಾರು

2020ರ ಜನವರಿ 7ರಂದು ಅದೇ ಬಾಲೇವಾಡಿಯಲ್ಲಿ ನಡೆದ ಕೊನೆಯ ಕುಸ್ತಿಯು ನೆನಪಿನಲ್ಲಿಡತಕ್ಕದ್ದು. ನಾಸಿಕದ ಹರ್ಷವರ್ಧನ ಸದಗೀರ ಮತ್ತು ಲಾತೂರಿನ ಶೈಲೇಶ ಶೆಳಕೆ. ಇಬ್ಬರೂ ಪುಣೆಯಲ್ಲಿ ಕಾಕಾ ಪವಾರರೆಂಬ ಒಬ್ಬನೇ ವಸ್ತಾದರ ಶಿಷ್ಯರು. ಒಂದೇ ತಾಲೀಮಿನಲ್ಲಿ ಉಂಡು ಮಲಗಿದವರು. 3ಕ್ಕೆ 2 ಅಂಕಗಳಿಂದ ಸದಗೀರರು ಗೆದ್ದರು. ಗೆದ್ದವನು ಮಾಡಿದ ಮೊದಲ ಕೆಲಸವೆಂದರೆ, ಸೋತ ಗೆಳೆಯನನ್ನು ತನ್ನ ಹೆಗಲ ಮೇಲೆ ಹೊತ್ತು ಕಣದಲ್ಲಿ ತಿರುಗಿದುದು. ಅಂದು ನೆರೆದವರ ಕಣ್ಣು ಒದ್ದೆಯಾಗಿತ್ತೆಂದು ಕೇಳಿದ್ದೇವೆ.

ಆ ಬಳಿಕ ಮಹಾಮಾರಿಯ ದೆಸೆಯಿಂದ 2021ರಲ್ಲಿ ಸ್ಪರ್ಧೆ ನಡೆಯಲಿಲ್ಲ. 2022ರ ಏಪ್ರಿಲ್‌ನಲ್ಲಿ ಸಾತಾರೆಯಲ್ಲಿ ಕೊಲ್ಹಾಪುರದ ಪೃಥ್ವೀರಾಜ ಪಾಟೀಲರು ಗದೆ ಹೊತ್ತರು. 2023ರ ಜನವರಿಯಲ್ಲಿ ಪುಣೆಯ ಕೋಥರೂಡದಲ್ಲಿ ಶಿವರಾಜ ರಾಕ್ಷೆಯವರು ಮಹೇಂದ್ರ ಗಾಯಕವಾಡರನ್ನು ಸೋಲಿಸಿದರು. ಗೆದ್ದವರಿಗೆ ಗದೆಯಲ್ಲದೆ ಒಂದು ಜೀಪು ಮತ್ತು 5 ಲಕ್ಷ ರೂಪಾಯಿ, ಸೋತವರಿಗೆ ಟ್ರ್ಯಾಕ್ಟರು. ಬಹುಮಾನ ಬೆಳೆಯಿತು, ಅದರೊಡನೆ ತಕರಾರೂ ಬೆಳೆಯಿತು. ಆ ಸ್ಪರ್ಧೆಯಲ್ಲಿ ಸಿಕಂದರ ಶೇಖರ ವಿರುದ್ಧ ಗಾಯಕವಾಡರಿಗೆ ನಾಲ್ಕು ಅಂಕಗಳನ್ನು ಕೊಟ್ಟ ತೀರ್ಪಿನ ಕುರಿತು ತಿಂಗಳುಗಟ್ಟಲೆ ವಾದ ನಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಸಂಘಟಕರಲ್ಲಿ ಒಡಕುಂಟಾಗಿ ಒಂದರ ಬದಲು ಎರಡು ಕೇಸರಿ ಸ್ಪರ್ಧೆಗಳು ಜರುಗಿದವು. ಪುಣೆಯ ಸಮೀಪದ ಫುಲಗಾಂವದಲ್ಲಿ ಸಿಕಂದರ ಶೇಖರೂ, ಧಾರಾಶಿವದಲ್ಲಿ ಶಿವರಾಜ ರಾಕ್ಷೆಯವರೂ ಗೆದ್ದರು. ಒಂದು ಕಾಡಿಗೆ ಇಬ್ಬರು ಕೇಸರಿಗಳು!

2025ರ ಫೆಬ್ರವರಿ 2ರಂದು ಅಹಿಲ್ಯಾನಗರದಲ್ಲಿ ಆದುದಂತೂ ವಿಷಾದಕರ. ಗಾದಿ ವಿಭಾಗದಲ್ಲಿ ಪೃಥ್ವೀರಾಜ ಮೊಹೋಳರು ರಾಕ್ಷೆಯವರನ್ನು ಚಿತ್ ಮಾಡಿದರೆಂದು ತೀರ್ಪಾಯಿತು. ತನ್ನ ಎರಡೂ ಭುಜಗಳು ಗಾದಿಗೆ ತಾಗಿಲ್ಲವೆಂದು ರಾಕ್ಷೆಯವರು ವಾದಿಸಿದರು. ಚಿತ್ರವನ್ನು ತೋರಿಸಿರೆಂದು ಕೇಳಿದರು. ಮಾತಿಗೆ ಮಾತು ಬೆಳೆದು ತೀರ್ಪುಗಾರರ ಕೊರಳಪಟ್ಟಿಗೆ ಕೈಹಾಕಿ ಒದ್ದರು. ಕೊನೆಯ ಕುಸ್ತಿಯಲ್ಲಿ ಗಾಯಕವಾಡರೂ ತೀರ್ಪಿಗೆ ಮುನಿದು ಕಣವನ್ನು ಬಿಟ್ಟು ನಡೆದರು. ಗದೆ ಮೊಹೋಳರದಾಯಿತು, ಉಳಿದ ಇಬ್ಬರಿಗೆ ಮೂರು ವರ್ಷಗಳ ಬಹಿಷ್ಕಾರ ಪ್ರಾಪ್ತವಾಯಿತು.

ತೀರ್ಪುಗಾರನನ್ನು ಒದೆಯುವುದು ಅಪರಾಧ. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನದ ವಾರ್ತೆಯನ್ನು ಅಚ್ಚಿಗೆ ಕಳುಹಿಸುವಾಗ ನಮ್ಮ ಕೈ ಸ್ವಲ್ಪ ತಡೆಯಿತು. ಅದಕ್ಕೆ ಕಾರಣವನ್ನು ಹೇಳುವೆವೆಂದು ಆರಂಭದಲ್ಲಿ ಮಾತು ಕೊಟ್ಟಿದ್ದೆವು.

ನಮ್ಮ ಅಂಗಡಿಯ ಪೈಲ್ವಾನ

2019ರಲ್ಲಿ ನಮ್ಮ ಹೋಟೆಲಿಗೆ ಚಿಕ್ಕೋಡಿ ಕಡೆಯ ಹುಡುಗನೊಬ್ಬ ಕೆಲಸಕ್ಕೆ ಬಂದ. ಇಪ್ಪತ್ತೆರಡರ ವಯಸ್ಸು; ಬಾಗಿಲಿನಷ್ಟು ಅಗಲದ ಬೆನ್ನು; ಕಿವಿಗಳು ಪೈಲ್ವಾನರಿಗೆ ಆಗುವಂತೆ ಮುದುಡಿ ಗಟ್ಟಿಯಾಗಿದ್ದವು. ಕೊಲ್ಹಾಪುರದ ತಾಲೀಮೊಂದರಲ್ಲಿ ಮೂರು ವರ್ಷ ಇದ್ದನಂತೆ. ಒಬ್ಬ ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿ, ಹಣ್ಣುಗಳೆಂದು ತಿಂಗಳಿಗೆ ತಗಲುವ ವೆಚ್ಚವು ಒಣಬೇಸಾಯದ ಮನೆಯೊಂದರ ಉತ್ಪನ್ನವನ್ನು ಮೀರುವುದು. ತಂಗಿಯ ಮದುವೆ ಬಂತು, ಎಮ್ಮೆ ಮಾರಿದರು, ಖುರಾಕು ನಿಂತಿತು. ಹುಡುಗ ರುಬ್ಬುವ ಕೆಲಸಕ್ಕೆ ನಮ್ಮಲ್ಲಿಗೆ ಬಂದ. ಬೆಳಗಿನ ನಾಲ್ಕಕ್ಕೆ ಎದ್ದು ಅಕ್ಕಿಮೂಟೆಗಳ ನಡುವೆ ಬೈಠಕ್ಕು ಹಾಕುತ್ತಿದ್ದನೆಂದು ಭಟ್ಟರು ಹೇಳುತ್ತಿದ್ದರು. ಮಾತು ಕಡಿಮೆ.

2020ರ ಆ ಜನವರಿ 7ರಂದು ಬಾಲೇವಾಡಿಗೆ ಹೋಗಲು ಮಧ್ಯಾಹ್ನದಿಂದ ರಜೆ ಕೇಳಿದ. ಅಂದು ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ. ಬಾಲೇವಾಡಿಯೋ ಶಹರದ ಆಚೆಯ ತುದಿ. ನಾವು ಒಪ್ಪಲಿಲ್ಲ. ಅವನು ಮರುಮಾತಾಡಲಿಲ್ಲ. ರಾತ್ರಿ ಪಾತ್ರೆಗಳ ನಡುವೆ ಕುಳಿತು ಗೆಳೆಯನ ಮೊಬೈಲಿನಲ್ಲಿ, ಗೆದ್ದವನು ಸೋತವನನ್ನು ಹೊತ್ತು ತಿರುಗಿದ ಆ ದೃಶ್ಯವನ್ನು ಮತ್ತೆ ಮತ್ತೆ ನೋಡುತ್ತಿದ್ದ.

ಮುಂದಿನ ತಿಂಗಳು ಹಾಲಿನ ಲೆಕ್ಕದಲ್ಲಿ ದಿನವೂ ಒಂದು ಲೀಟರಿನಷ್ಟು ಕಡಿಮೆ ಬರತೊಡಗಿತು. ಹೋಟೆಲಿನಲ್ಲಿ ಹಾಲು ಕಡಿಮೆಯಾದರೆ ಸಂಶಯ ಯಾರ ಮೇಲೆ ಹೋಗಬೇಕು? ಪೈಲ್ವಾನನಿದ್ದಾನಲ್ಲ! ಯಾರೂ ಕಂಡಿರಲಿಲ್ಲ, ಯಾರೂ ಹೇಳಿರಲಿಲ್ಲ. ಆದರೂ ಒಂದು ದಿನ ಗಿರಾಕಿಗಳು ಕುಳಿತಿರುವಂತೆಯೇ ಗಲ್ಲೆಯಿಂದ ಅವನನ್ನು ಕರೆದು, ‘ಹಾಲು ಕುಡಿಯುವುದಾದರೆ ಕೇಳಿ ಕುಡಿಯಬೇಕಪ್ಪಾ, ಕದ್ದಲ್ಲ’ ಎಂದೆವು. ಸಂಬಳದಲ್ಲಿ ಮುರಿದುಕೊಳ್ಳುವುದಾಗಿಯೂ ಹೇಳಿದೆವು. ಅವನು ನಮ್ಮನ್ನೇ ನೋಡುತ್ತ ನಿಂತ. ಆ ತೋಳುಗಳ ಒಂದು ಏಟಿಗೆ ನಾವು ಗಲ್ಲೆಸಮೇತ ಬೀದಿಯಲ್ಲಿ ಬೀಳುತ್ತಿದ್ದೆವು. ಅವನು ಕೈಯೆತ್ತಲಿಲ್ಲ. ಇಷ್ಟೇ ಅಂದ:

‘ಸಾವ್ಕಾರ್ರ, ನನ್ನ ಬೆನ್ನಿಗೆ ಮಣ್ಣ ಹತ್ತಿಲ್ಲ. ಹತ್ತಿದ ದಿನಾ ನಾನ ಹೇಳತೇನಿ.’

ಆಗ ಆ ಮಾತಿನ ಅರ್ಥ ನಮಗಾಗಲಿಲ್ಲ, ಉದ್ಧಟತನವೆಂದು ತಿಳಿದೆವು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಅದಕ್ಕೆ ಎರಡು ದಿನ ಮೊದಲೇ ಹುಡುಗ ಊರಿಗೆ ಹೊರಟುಹೋಗಿದ್ದ. ಮುರಿದುಕೊಂಡ ಸಂಬಳವನ್ನು ಕೇಳಲೂ ಇಲ್ಲ. ಮುಚ್ಚಿದ ಹೋಟೆಲಿನಲ್ಲಿ ಪಾತ್ರೆಗಳನ್ನು ತೊಳೆದು ಬೋರಲು ಹಾಕುವಾಗ, ಹಾಲಿನ ದೊಡ್ಡ ಕ್ಯಾನಿನ ತಳದ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ನೀರು ತುಂಬಿಸಿ ಇಟ್ಟು ನೋಡಿದೆವು. ಬೆಳಗಾಗುವಷ್ಟರಲ್ಲಿ ಒಂದು ಲೀಟರು ಕಡಿಮೆಯಾಗಿತ್ತು. ಕ್ಯಾನನ್ನು ನಿಲ್ಲಿಸುತ್ತಿದ್ದುದು ಮೋರಿಯ ಕಲ್ಲಿನ ಮೇಲೆ. ಸೋರಿದ ಹಾಲು ನೀರಿನೊಡನೆ ಹರಿದು ಹೋಗುತ್ತಿದ್ದುದನ್ನು ಯಾರು ಕಂಡಾರು?

ಕಣದಲ್ಲಿ ತೀರ್ಪುಗಾರನಿಗೆ ಕ್ಷಣಮಾತ್ರದ ಅವಕಾಶವಿರುತ್ತದೆ. ತಪ್ಪಿದರೆ ಅದಕ್ಕೊಂದು ಸಮಾಧಾನವಿದೆ. ನಮಗೆ ಒಂದು ತಿಂಗಳ ಅವಕಾಶವಿತ್ತು. ಕ್ಯಾನನ್ನು ಒಮ್ಮೆ ಬೋರಲು ಹಾಕಿ ನೋಡಲಿಲ್ಲ.

ಆ ಹುಡುಗನ ಹಳೆಯ ನಂಬರಿಗೆ ಹಲವು ಸಲ ಕರೆ ಮಾಡಿದೆವು; ಸಿಗಲಿಲ್ಲ. 2022ರಲ್ಲಿ ಅವನ ಊರಿನ ಕಡೆಯ ಲಾರಿ ಚಾಲಕನೊಬ್ಬ ನಮ್ಮಲ್ಲಿ ಚಹಾ ಕುಡಿಯಲು ಬಂದಾಗ ವಿಚಾರಿಸಿದೆವು. ಹುಡುಗ ಊರಲ್ಲಿದ್ದಾನೆ, ಎಮ್ಮೆ ಕಟ್ಟಿದ್ದಾನೆ, ಸಂಜೆ ಗುಡಿಯ ಹಿಂದಿನ ಗರಡಿಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಪಟ್ಟು ಕಲಿಸುತ್ತಾನೆ ಎಂದ. ಮುರಿದುಕೊಂಡ ಹಣವನ್ನೂ ಅದರ ಮೇಲೊಂದಿಷ್ಟನ್ನೂ ಒಂದು ಚೀಟಿಯೊಡನೆ ಕಳುಹಿಸಿದೆವು. ಮುಂದಿನ ಫೇರಿಯಲ್ಲಿ ಚಾಲಕನು ಮೇಲಿನ ಹಣವನ್ನು ಮರಳಿ ತಂದ. ಮುರಿದಷ್ಟನ್ನು ಮಾತ್ರ ಇಟ್ಟುಕೊಂಡು, ‘ಇದು ನಂದು, ಅದು ಅವರದು’ ಎಂದನಂತೆ.

ನಮ್ಮ ನಿವೇದನೆ

ಈ ಲೇಖನವನ್ನು ಓದುವ ಹೋಟೆಲ್ ಮಾಲಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಪೈಲ್ವಾನನನ್ನು ಸಾಕುವುದು ಅರಸನ ಧರ್ಮವೆಂದು ಸೋಮೇಶ್ವರ ಚಕ್ರವರ್ತಿಯು ಬರೆಸಿದ; ಶಾಹೂ ಮಹಾರಾಜರು ಆಚರಿಸಿ ತೋರಿಸಿದರು. ಈಗ ಅರಸರಿಲ್ಲ. ವರ್ಷಕ್ಕೊಮ್ಮೆ ಗೆದ್ದ ಒಬ್ಬನಿಗೆ ಜೀಪು ಕೊಡುವ ಧನಿಕರಿದ್ದಾರೆ. ಗೆಲ್ಲುವುದಕ್ಕೆ ಮೊದಲು ಹತ್ತು ವರ್ಷ ಹಾಲು ಕೊಡುವವರು ಕಡಿಮೆ. ನಿಮ್ಮ ಅಂಗಡಿಯಲ್ಲಿ ಮುದುಡಿದ ಕಿವಿಯ ಹುಡುಗನಿದ್ದರೆ, ಅಥವಾ ರಾತ್ರಿ ಪುಸ್ತಕ ಹಿಡಿಯುವವನೋ ಹಾರ್ಮೋನಿಯಂ ನುಡಿಸುವವನೋ ಇದ್ದರೆ, ಅವನಿಗೆ ದಿನಕ್ಕೆ ಅರ್ಧ ಲೀಟರ್ ಹಾಲನ್ನೂ ಎರಡು ಗಂಟೆಯ ಬಿಡುವನ್ನೂ ಕೊಡಿರಿ. ಅದರಿಂದ ಯಾರ ಗಲ್ಲೆಯೂ ಬರಿದಾಗದು.

ಮತ್ತು ಹುಡುಗರಲ್ಲಿಯೂ ಒಂದು ಮಾತು. ಚಂಬಾ ಮುತ್ನಾಳರೂ ಖಂಚನಾಳೆಯವರೂ ಹಿಡಿದ ಹಾದಿ ಮುಚ್ಚಿಲ್ಲ. ಪುಣೆಯ ತಾಲೀಮುಗಳಲ್ಲಿ ಕನ್ನಡ ಮಾತಾಡುವ ಪೈಲ್ವಾನನಿಗೆ ಇಂದಿಗೂ ಸ್ಥಳವಿದೆ. ಮಣ್ಣು ಭಾಷೆಯನ್ನು ಕೇಳುವುದಿಲ್ಲ.

ಈ ಸಲ ಗದೆ ಯಾರಿಗೆ ಎಂಬ ಪ್ರಶ್ನೆ ಮಗರಪಟ್ಟಾದ ಚಹಾದ ಅಂಗಡಿಗಳಲ್ಲಿ ಮತ್ತೆ ಏಳುವುದು. ಯಾರಿಗಾದರೂ ದೊರೆಯಲಿ. ನಮ್ಮ ಹೋಟೆಲಿನಲ್ಲಿ ಈಗ ಹಾಲಿನ ಹೊಸ ಕ್ಯಾನು ಇದೆ. ಹಳೆಯದನ್ನು ಗುಜರಿಗೆ ಹಾಕಿಲ್ಲ; ಗಲ್ಲೆಯ ಎದುರಿಗೆ, ನಾವು ಕುಳಿತಲ್ಲಿಂದ ಕಾಣುವ ಹಾಗೆ, ಬೋರಲು ಹಾಕಿ ಇಟ್ಟಿದ್ದೇವೆ.